ಇಂಗ್ಲಿಷ್ ಪದಗಳನ್ನು ಜೋಡಿಯಾಗಿ ಕಲಿಯುವುದು ಹೇಗೆ: ಕೊಲೊಕೇಶನ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕನ್ನಡಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ಒಂದೇ ಪದ ಸಾಕು: 'ವೇರ್'. ಈಗ ಕನ್ನಡ ಕಲಿಯುತ್ತಿರುವ ಯಾರೋ ಒಬ್ಬರು 'ಅವಳು ಹೂ ಉಟ್ಟಿದ್ದಾಳೆ, ಸೀರೆ ಮುಡಿದಿದ್ದಾಳೆ' ಎಂದರು ಅಂದುಕೊಳ್ಳಿ. ನಮಗೆ ಅರ್ಥವಾಗುತ್ತದೆ. ವ್ಯಾಕರಣದಲ್ಲೂ ತಪ್ಪಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇವೆ. ಆದರೂ ಕಿವಿಗೆ ಏನೋ ಚುಚ್ಚುತ್ತದೆ, ಅಲ್ವಾ?

ನಾವು 'ಐ ಡಿಡ್ ಎ ಮಿಸ್ಟೇಕ್' ಎಂದಾಗ ಇಂಗ್ಲಿಷನ್ನು ಮನೆಮಾತಾಗಿ ಆಡುವವರ ಕಿವಿಗೂ ಹೀಗೇ ಚುಚ್ಚುತ್ತದೆ. ಅಲ್ಲಿ 'ಮಿಸ್ಟೇಕ್' ಎಂಬ ಪದದ ಜೊತೆ ಬರುವುದು 'ಮೇಕ್'. ಏಕೆ ಹಾಗೆ ಎಂದು ಕೇಳಿದರೆ ಅವರಿಗೆ ಉತ್ತರ ಹೊಳೆಯುವುದಿಲ್ಲ. ಹೂವನ್ನು ಏಕೆ ಉಡುವುದಿಲ್ಲ ಎಂದರೆ ನಮಗೂ ತಟ್ಟನೆ ಹೊಳೆಯದು.

ಹೀಗೆ ಒಂದು ಪದ ಇನ್ನೊಂದರ ಜೊತೆ ರೂಢಿಯಿಂದ ಕೂಡಿಕೊಂಡು ಬರುವುದನ್ನು ಕೊಲೊಕೇಶನ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಸುಲಭವಾಗಿ ಪದಜೋಡಿ ಎಂದು ಕರೆಯುತ್ತೇನೆ.

ಹಲವು ವರ್ಷ ನಾನು ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ ಬರೆದುಕೊಂಡೇ ಕಲಿತೆ. ನೋಟ್‌ಬುಕ್‌ಗಳು ತುಂಬಿದವು. ಓದಿದರೆ ಅರ್ಥವಾಗುತ್ತಿತ್ತು. ಆದರೆ ಮಾತಾಡಲು ಹೋದರೆ ಪ್ರತಿ ವಾಕ್ಯದ ನಡುವೆ ನಿಲ್ಲುತ್ತಿದ್ದೆ. 'ರೆಸ್ಪಾನ್ಸಿಬಿಲಿಟಿ' ಎಂದರೆ ಜವಾಬ್ದಾರಿ ಎಂದು ಗೊತ್ತು. ಅದನ್ನು ಹೊರುವುದು ಹೇಗೆ? 'ಕ್ಯಾರಿ'ಯೋ, 'ಹೋಲ್ಡ್' ಎನ್ನಬೇಕೋ, 'ಟೇಕ್' ಎನ್ನಬೇಕೋ? ಪದ ಬಾಯಿಗೆ ಬಂದಿತ್ತು. ಅದರ ಜೊತೆಗಾರ ಬಂದಿರಲಿಲ್ಲ. ಆ ತಡವರಿಕೆ ಯಾವ ವ್ಯಾಕರಣ ಪುಸ್ತಕದಿಂದಲೂ ಹೋಗಲಿಲ್ಲ. ಪದಗಳನ್ನು ಜೊತೆಗಾರರ ಸಮೇತ ಕಲಿಯಲು ತೊಡಗಿದ ಮೇಲೆ ಹೋಯಿತು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಇದು ಹೊಸ ವಿಚಾರವೇನಲ್ಲ

ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸಲಹೆಗಾರರಾಗಿದ್ದ ಹೆರಾಲ್ಡ್ ಪಾಮರ್ 1933ರಲ್ಲೇ ಇಂಗ್ಲಿಷ್ ಕೊಲೊಕೇಶನ್‌ಗಳ ಬಗ್ಗೆ ಟೋಕಿಯೊದಲ್ಲಿ ಒಂದು ವರದಿ ಪ್ರಕಟಿಸಿದರು. ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಎಂದು ನೋಡಿ ನೋಡಿ ಅವರಿಗೆ ಈ ವಿಷಯ ಮುಖ್ಯ ಎನ್ನಿಸಿತ್ತು. ಅವರ ಜೊತೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿ ಮುಂದೆ 1942ರಲ್ಲಿ ಕಲಿಯುವವರಿಗಾಗಿಯೇ ಒಂದು ನಿಘಂಟು ತಂದರು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ.

1957ರಲ್ಲಿ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಒಂದು ಮಾತು ಬರೆದರು. ಒಂದು ಪದವನ್ನು ಅರಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ಎಂದು ನೋಡಬೇಕು ಎಂಬುದು ಅದರ ಸಾರ. ಅವರ ಶಿಷ್ಯ ಹ್ಯಾಲಿಡೇ ಕೊಟ್ಟ ಉದಾಹರಣೆ ಇನ್ನೂ ಸರಳ. ಇಂಗ್ಲಿಷಿನಲ್ಲಿ ಟೀ 'ಸ್ಟ್ರಾಂಗ್' ಆಗಿರುತ್ತದೆ, ಕಾರು 'ಪವರ್‌ಫುಲ್' ಆಗಿರುತ್ತದೆ. ಎರಡೂ ಪದಗಳ ಅರ್ಥ ಹತ್ತಿರ ಹತ್ತಿರ ಒಂದೇ. ಆದರೂ 'ಪವರ್‌ಫುಲ್ ಟೀ' ಎಂದು ಯಾರೂ ಹೇಳುವುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮತ್ತು ಅವರ ತಂಡ ಲಕ್ಷಗಟ್ಟಲೆ ಪದಗಳಷ್ಟು ನಿಜವಾದ ಬರಹ, ಮಾತುಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಅದರಿಂದ 1987ರಲ್ಲಿ ಕೊಬಿಲ್ಡ್ ನಿಘಂಟು ಹೊರಬಂತು. ಅವರು ಕಂಡುಕೊಂಡ ದೊಡ್ಡ ಸಂಗತಿ ಇದು: ಜನ ಒಂದೊಂದೇ ಪದ ಆರಿಸಿ, ವ್ಯಾಕರಣದ ನಿಯಮ ಹಚ್ಚಿ ವಾಕ್ಯ ಕಟ್ಟುವುದು ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ಮಾತಿನ ಬಹುಪಾಲು ಆಗಲೇ ಕಟ್ಟಿಟ್ಟ ತುಂಡುಗಳಿಂದ ಆಗಿರುತ್ತದೆ.

ನಿರರ್ಗಳವಾಗಿ ಮಾತಾಡುವವರ ಗುಟ್ಟು ಇಲ್ಲಿದೆ. ಅವರ ತಲೆ ನಮ್ಮದಕ್ಕಿಂತ ವೇಗವಾಗಿ ಓಡುತ್ತದೆ ಎಂದಲ್ಲ. ನಾವು ನಾಲ್ಕು ಇಟ್ಟಿಗೆ ಹುಡುಕುವಷ್ಟರಲ್ಲಿ ಅವರು ಕಟ್ಟಿದ ಗೋಡೆಯನ್ನೇ ಎತ್ತಿ ಇಡುತ್ತಾರೆ.

ಹೆಜ್ಜೆ 1: ಯಾವುದು ಪದಜೋಡಿ, ಯಾವುದು ಅಲ್ಲ ಎಂದು ಗುರುತಿಸಿ

'ಬೈ ಎ ಪೆನ್', 'ಸೀ ಎ ಪೆನ್', 'ಲೂಸ್ ಎ ಪೆನ್' ಇವೆಲ್ಲ ಬಿಡಿ ಪದಗಳ ಸೇರ್ಪಡೆ. ಅರ್ಥ ಗೊತ್ತಿದ್ದರೆ ನೀವೇ ಕಟ್ಟಬಹುದು, ತಪ್ಪಾಗುವುದಿಲ್ಲ. ಇವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

'ಕಿಕ್ ದ ಬಕೆಟ್' ಎಂದರೆ ಸಾಯುವುದು. ಬಿಡಿಸಿ ನೋಡಿದರೆ ಅರ್ಥ ಸಿಗುವುದಿಲ್ಲ. ಇದು ನುಡಿಗಟ್ಟು. ನೋಡಲು ಚೆನ್ನ, ಆದರೆ ದಿನದ ಮಾತಿನಲ್ಲಿ ಇಂಥವು ಬೇಕಾಗುವುದು ಕಡಿಮೆ. ಇಂಗ್ಲಿಷ್ ಕಲಿಯುವವರು ನುಡಿಗಟ್ಟುಗಳ ಹಿಂದೆ ಬಿದ್ದು ಕಳೆಯುವ ಸಮಯ ನೋಡಿದರೆ ನನಗೆ ಬೇಸರವಾಗುತ್ತದೆ.

ನಡುವೆ ಇರುವುದು ಪದಜೋಡಿ. 'ಪೇ ಅಟೆನ್ಶನ್' ನೋಡಿ. ಓದಿದರೆ ಅರ್ಥವಾಗುತ್ತದೆ. ಆದರೆ ನೀವಾಗಿ ಹೇಳಬೇಕೆಂದರೆ 'ಪೇ' ಎಂಬ ಪದ ಹೊಳೆಯುವುದಿಲ್ಲ. 'ಗಮನ ಕೊಡು' ಎಂಬುದು ತಲೆಯಲ್ಲಿರುವುದರಿಂದ 'ಗಿವ್' ಬಂದುಬಿಡುತ್ತದೆ. ಓದುವಾಗ ಸಲೀಸು, ಹೇಳುವಾಗ ಕಷ್ಟ. ಪದಜೋಡಿಯ ಗುರುತೇ ಇದು. ಓದುವಾಗ ಎಡವದ ಕಾರಣ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪದಜೋಡಿಗಳಲ್ಲಿ ಹಲವು ಬಗೆ ಇವೆ. ಶುರುವಿನಲ್ಲಿ ಎರಡನ್ನು ಹಿಡಿಯಿರಿ. ಒಂದು, ಕ್ರಿಯಾಪದ ಮತ್ತು ನಾಮಪದ: 'ಮೇಕ್ ಎ ಡಿಸಿಷನ್', 'ಬ್ರೇಕ್ ದ ಲಾ', 'ಮೀಟ್ ಎ ಡೆಡ್‌ಲೈನ್'. ಇನ್ನೊಂದು, ಗುಣವಾಚಕ ಮತ್ತು ನಾಮಪದ: 'ಹೆವಿ ಟ್ರಾಫಿಕ್', 'ಕ್ಲೋಸ್ ಫ್ರೆಂಡ್', 'ಸೀರಿಯಸ್ ಇಂಜುರಿ'. ನಾವು ಜಾಸ್ತಿ ತಪ್ಪುವುದು ಈ ಎರಡರಲ್ಲಿ. 'ಡೀಪ್ಲಿ ಗ್ರೇಟ್‌ಫುಲ್', 'ಎ ಪೀಸ್ ಆಫ್ ಅಡ್ವೈಸ್', 'ಡಿಪೆಂಡ್ ಆನ್' ಮುಂತಾದ ಉಳಿದ ಬಗೆಗಳು ಓದುತ್ತಾ ಹೋದಂತೆ ತಾವಾಗಿ ಸೇರಿಕೊಳ್ಳುತ್ತವೆ.

ಹೆಜ್ಜೆ 2: ನಿಮ್ಮ ಕನ್ನಡದಿಂದಲೇ ಶುರು ಮಾಡಿ

ಈ ಹೆಜ್ಜೆಯನ್ನು ಸಾಮಾನ್ಯ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಕಾಣುವುದು ಕಷ್ಟ. ಅವು ಜಗತ್ತಿನ ಎಲ್ಲರಿಗೂ ಎಂದು ಬರೆದವು. ಆದರೆ ಕನ್ನಡದವರು ಎಡವುವ ಜಾಗ ಬೇರೆ, ಜಪಾನಿನವರು ಎಡವುವ ಜಾಗ ಬೇರೆ. ನಾವು ಎಲ್ಲಿ ಎಡವುತ್ತೇವೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಕನ್ನಡದ ಒಂದು ಪದ ಇಂಗ್ಲಿಷಿನಲ್ಲಿ ಚೂರುಚೂರಾಗಿ ಹಂಚಿಹೋಗುವ ಕಡೆಯೆಲ್ಲ ನಮ್ಮ ಕಾಲು ಜಾರುತ್ತದೆ.

'ಮಾಡು' ಎಂಬುದನ್ನೇ ನೋಡಿ. ತಪ್ಪು ಮಾಡಿದರೆ 'ಮೇಕ್ ಎ ಮಿಸ್ಟೇಕ್'. ಹೋಂವರ್ಕ್ ಮಾಡಿದರೆ 'ಡೂ ಹೋಂವರ್ಕ್'. ಸ್ನಾನ ಮಾಡಿದರೆ 'ಟೇಕ್ ಎ ಬಾತ್' ಅಥವಾ 'ಹ್ಯಾವ್ ಎ ಬಾತ್'. ಊಟ ಮಾಡಿದರೆ 'ಹ್ಯಾವ್ ಲಂಚ್'. ಅಪರಾಧ ಮಾಡಿದರೆ 'ಕಮಿಟ್ ಎ ಕ್ರೈಂ'. ಭಾಷಣ ಮಾಡಿದರೆ 'ಗಿವ್ ಎ ಸ್ಪೀಚ್'. ಸಭೆ ಮಾಡಿದರೆ 'ಹೋಲ್ಡ್ ಎ ಮೀಟಿಂಗ್'. ಪಾರ್ಟಿ ಮಾಡಿದರೆ 'ಥ್ರೋ ಎ ಪಾರ್ಟಿ'. ಯುದ್ಧ ಮಾಡಿದರೆ 'ವೇಜ್ ವಾರ್'. ನಮ್ಮ ಒಂದೇ 'ಮಾಡು' ಎಷ್ಟು ಕಡೆ ಹಂಚಿಹೋಯಿತು ನೋಡಿ. ಕನ್ನಡ ಇಲ್ಲಿ ಉದಾರಿ. ಯಾವ ನಾಮಪದ ಬಂದರೂ 'ಮಾಡು' ಸೇರಿಸಿದರೆ ಆಯಿತು. ಇಂಗ್ಲಿಷ್ ಅಷ್ಟು ಉದಾರಿಯಲ್ಲ.

'ಕೊಡು' ಕೂಡ ಹೀಗೇ. ಗಮನ ಕೊಡುವುದು 'ಪೇ ಅಟೆನ್ಶನ್', ಭೇಟಿ ಕೊಡುವುದು 'ಪೇ ಎ ವಿಸಿಟ್', ದೂರು ಕೊಡುವುದು 'ಫೈಲ್ ಎ ಕಂಪ್ಲೇಂಟ್' ಅಥವಾ 'ಮೇಕ್ ಎ ಕಂಪ್ಲೇಂಟ್', ತೊಂದರೆ ಕೊಡುವುದು 'ಕಾಸ್ ಟ್ರಬಲ್'. ಸಲಹೆ ಕೊಡುವುದು ಮಾತ್ರ ನಮ್ಮ ಹಾಗೇ 'ಗಿವ್ ಅಡ್ವೈಸ್'.

'ಹೇಳು' ಎಂಬುದು ಎರಡಾಗಿ ಸೀಳುತ್ತದೆ. ಸುಳ್ಳು, ನಿಜ, ಕಥೆ, ಜೋಕು ಇವಕ್ಕೆಲ್ಲ 'ಟೆಲ್': 'ಟೆಲ್ ಎ ಲೈ', 'ಟೆಲ್ ದ ಟ್ರೂತ್'. ಸಾರಿ, ಹಲೋ, ಗುಡ್‌ಬೈ ಹೇಳುವುದಾದರೆ 'ಸೇ': 'ಸೇ ಸಾರಿ', 'ಸೇ ಹಲೋ'. ವೇದಿಕೆಯಲ್ಲಿ ನಾಲ್ಕು ಮಾತು ಹೇಳುವುದೂ 'ಸೇ ಎ ಫ್ಯೂ ವರ್ಡ್ಸ್'.

ನನಗೆ ಬಹಳ ಇಷ್ಟವಾದ ಉದಾಹರಣೆ 'ಜೋರು'. ಜೋರು ಮಳೆ 'ಹೆವಿ ರೇನ್'. ಅದೇ ಮಳೆಯ ಜೊತೆ ಬರುವ ಜೋರು ಗಾಳಿ 'ಸ್ಟ್ರಾಂಗ್ ವಿಂಡ್'. ಮಳೆಯಲ್ಲಿ ನೆನೆದು ಬರುವ ಜೋರು ಜ್ವರ 'ಹೈ ಫೀವರ್'. ಜೋರು ದನಿ 'ಲೌಡ್ ವಾಯ್ಸ್'. ಜೋರು ವಾಗ್ವಾದ 'ಹೀಟೆಡ್ ಆರ್ಗ್ಯುಮೆಂಟ್'. ಒಂದು 'ಜೋರು' ಇಂಗ್ಲಿಷಿನಲ್ಲಿ ಐದು ಬೇರೆ ಬೇರೆ ಪದವಾಯಿತು.

ಇನ್ನು ಕೆಲವು ಕಡೆ ನಮ್ಮ ಕ್ರಿಯಾಪದ ಮೋಸ ಮಾಡುತ್ತದೆ. ನಾವು ಕನಸು ಕಾಣುತ್ತೇವೆ, ಹಾಗಾಗಿ 'ಐ ಸಾ ಎ ಡ್ರೀಂ' ಎಂದು ಬರುತ್ತದೆ. ಸರಿಯಾದದ್ದು 'ಐ ಹ್ಯಾಡ್ ಎ ಡ್ರೀಂ'. ಔಷಧಿ ಕುಡಿಯುತ್ತೇವೆ, ಮಾತ್ರೆ ನುಂಗುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಟೇಕ್'. ಲೈಟ್ ಹಾಕುತ್ತೇವೆ. 'ಪುಟ್ ದ ಲೈಟ್' ಎಂದರೆ ದೀಪವನ್ನು ಎಲ್ಲೋ ಇಡಿ ಎಂದಾಗುತ್ತದೆ. ಹೇಳಬೇಕಾದ್ದು 'ಟರ್ನ್ ಆನ್ ದ ಲೈಟ್'. ಡೌಟ್ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಕೇಳುವುದು 'ಕ್ವೆಶ್ಚನ್' ಮಾತ್ರ, 'ಡೌಟ್' ಮನಸ್ಸಿನಲ್ಲಿ ಇರುತ್ತದೆ.

ಒಂದು ಸಂತೋಷದ ಸಂಗತಿಯೂ ಇದೆ. ಎಷ್ಟೋ ಜೋಡಿಗಳು ಎರಡೂ ಭಾಷೆಯಲ್ಲಿ ಒಂದೇ. ಬಸ್ ಹಿಡಿಯುವುದು 'ಕ್ಯಾಚ್ ಎ ಬಸ್'. ದಾಖಲೆ ಮುರಿಯುವುದು 'ಬ್ರೇಕ್ ಎ ರೆಕಾರ್ಡ್'. ಮೌನ ಮುರಿಯುವುದು 'ಬ್ರೇಕ್ ದ ಸೈಲೆನ್ಸ್'. ಸಮಯ ಉಳಿಸುವುದು 'ಸೇವ್ ಟೈಂ'. ಫೋಟೊ ತೆಗೆಯುವುದು 'ಟೇಕ್ ಎ ಫೋಟೊ'. ಇವು ನಿಮಗೆ ಪುಕ್ಕಟೆ ಸಿಗುತ್ತವೆ. ಇವುಗಳ ಮೇಲೆ ಸಮಯ ಹಾಕಬೇಡಿ.

ಈಗ ಮಾಡಬೇಕಾದ ಕೆಲಸ: ಒಂದು ಹಾಳೆ ತೆಗೆದುಕೊಂಡು ಮಾಡು, ಕೊಡು, ಹೇಳು, ಹಾಕು, ತೆಗೆದುಕೊಳ್ಳು, ಹಿಡಿ, ಜೋರು, ದೊಡ್ಡ ಎಂದು ಬರೆಯಿರಿ. ಒಂದೊಂದರ ಕೆಳಗೂ ನೀವು ದಿನಾ ಆಡುವ ಕನ್ನಡ ಜೋಡಿಗಳನ್ನು ಬರೆಯುತ್ತಾ ಹೋಗಿ. ಇಂಗ್ಲಿಷ್ ಬರೆಯಬೇಡಿ, ಇನ್ನೂ ಬೇಡ. ಈ ಹಾಳೆ ನಿಮ್ಮ ನಕ್ಷೆ. ಎಲ್ಲೆಲ್ಲಿ ಹಳ್ಳ ಇದೆ ಎಂದು ತೋರಿಸುತ್ತದೆ. ಹಾಳೆಯನ್ನು ಇಡಿಯಾಗಿ ಬಾಯಿಪಾಠ ಮಾಡಬಾರದು. ಅದಕ್ಕೆ ಕಾರಣ ಆರನೇ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 3: ನಾಮಪದವನ್ನು ನಡುವೆ ಇಡಿ

ಮಾತಾಡುವಾಗ ತಲೆಗೆ ಮೊದಲು ಬರುವುದು ನಾಮಪದ. 'ಸಮಸ್ಯೆ' ಬಗ್ಗೆ ಏನೋ ಹೇಳಬೇಕು, ಆಮೇಲೆ ಅದಕ್ಕೆ ಕ್ರಿಯಾಪದ ಹುಡುಕುತ್ತೇವೆ. ಆದ್ದರಿಂದ ಕಲಿಯುವಾಗಲೂ ನಾಮಪದದಿಂದಲೇ ಹೊರಡಿ.

'ಪ್ರಾಬ್ಲಂ' ಎಂದು ಹಾಳೆಯ ನಡುವೆ ಬರೆಯಿರಿ. ಎಡಗಡೆ ಕ್ರಿಯಾಪದಗಳು: 'ಫೇಸ್', 'ಸಾಲ್ವ್', 'ಕಾಸ್', 'ಅವಾಯ್ಡ್'. ಮೇಲೆ ಗುಣವಾಚಕಗಳು: 'ಸೀರಿಯಸ್', 'ಮೇಜರ್', 'ಮೈನರ್'. ಬಲಗಡೆ, ನಾಮಪದದ ನಂತರ ಬರುವುದು: 'ಎ ಪ್ರಾಬ್ಲಂ ಅರೈಸಸ್', 'ಎ ಪ್ರಾಬ್ಲಂ ವಿತ್'. ಈಗ ಇದನ್ನು ಕನ್ನಡದ ಪಕ್ಕ ಇಟ್ಟು ನೋಡಿ. ಸಮಸ್ಯೆ ಎದುರಿಸುತ್ತೇವೆ, ಬಗೆಹರಿಸುತ್ತೇವೆ, ಅದು ಗಂಭೀರವಾಗಿರುತ್ತದೆ, ಅದು ತಲೆದೋರುತ್ತದೆ. ಸಮಸ್ಯೆ 'ಕಾಣಿಸಿತು' ಎನ್ನುವುದಕ್ಕಿಂತ 'ತಲೆದೋರಿತು' ಎನ್ನುವುದು ನಮ್ಮ ಕಿವಿಗೆ ಎಷ್ಟು ಒಪ್ಪುತ್ತದೋ, ಇಂಗ್ಲಿಷಿನವರ ಕಿವಿಗೆ 'ಅರೈಸ್' ಅಷ್ಟು ಒಪ್ಪುತ್ತದೆ.

ಹೊಸ, ಕಷ್ಟದ ನಾಮಪದಗಳನ್ನು ಆರಿಸಬೇಡಿ. ನಿಮಗೆ ಆಗಲೇ ಗೊತ್ತಿರುವ ಪದಗಳೇ ಸಾಕು: 'ಡಿಸಿಷನ್', 'ಟೈಂ', 'ಅಡ್ವೈಸ್', 'ಪ್ಲಾನ್', 'ರಿಸ್ಕ್', 'ಚಾನ್ಸ್', 'ಪ್ರಾಮಿಸ್', 'ಮನಿ'. ಇವುಗಳ ಜೊತೆಗಾರರನ್ನು ಕಲಿತರೆ ಒಂದೂ ಹೊಸ ಪದ ಕಲಿಯದೆ ನಿಮ್ಮ ಇಂಗ್ಲಿಷ್ ದುಪ್ಪಟ್ಟು ಕೆಲಸಕ್ಕೆ ಬರುತ್ತದೆ. ಹತ್ತು ಸಾವಿರ ಪದ ಗೊತ್ತಿದ್ದೂ ತಡವರಿಸುವವರನ್ನು ನೋಡಿದ್ದೇನೆ. ಎರಡು ಸಾವಿರ ಪದಗಳಲ್ಲಿ ಸರಾಗವಾಗಿ ಮಾತಾಡುವವರನ್ನೂ ನೋಡಿದ್ದೇನೆ.

ಹೆಜ್ಜೆ 4: ಓದುವ ಕಣ್ಣನ್ನು ಬದಲಿಸಿ

ಸಾಮಾನ್ಯವಾಗಿ ಓದುವಾಗ ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯುತ್ತೇವೆ. ಇಲ್ಲಿ ಅದಕ್ಕೆ ತಿರುಗಾಮುರುಗಾ. ಎರಡೂ ಪದ ಗೊತ್ತಿದ್ದು, ಅವು ಹೀಗೆ ಕೂಡುತ್ತವೆ ಎಂದು ಗೊತ್ತಿಲ್ಲದ ಜಾಗದಲ್ಲಿ ಗೆರೆ ಎಳೆಯಬೇಕು.

ಈ ವಾಕ್ಯ ನೋಡಿ: 'ದ ಮ್ಯಾನೇಜರ್ ಟುಕ್ ಫುಲ್ ರೆಸ್ಪಾನ್ಸಿಬಿಲಿಟಿ ಫಾರ್ ದ ಡಿಲೇ ಅಂಡ್ ಮೇಡ್ ಎ ಪಬ್ಲಿಕ್ ಅಪಾಲಜಿ, ಬಟ್ ಪೀಪಲ್ ಪೇಡ್ ಲಿಟಲ್ ಅಟೆನ್ಶನ್ ಟು ಇಟ್.' ಮ್ಯಾನೇಜರ್ ತಡವಾದದ್ದಕ್ಕೆ ಪೂರ್ತಿ ಹೊಣೆ ಹೊತ್ತು ಎಲ್ಲರೆದುರು ಕ್ಷಮೆ ಕೇಳಿದರು, ಆದರೆ ಜನ ಅದಕ್ಕೆ ಅಷ್ಟಾಗಿ ಗಮನ ಕೊಡಲಿಲ್ಲ ಎಂದು ಅರ್ಥ. ಇದರಲ್ಲಿ ಗೊತ್ತಿಲ್ಲದ ಪದ ಬಹುಶಃ ಒಂದೂ ಇಲ್ಲ. ಹಾಗಾಗಿ ಕಣ್ಣು ಜಾರಿಕೊಂಡು ಮುಂದೆ ಹೋಗುತ್ತದೆ. ಆದರೆ ಎಷ್ಟು ಸಂಪತ್ತು ಇದೆ ನೋಡಿ. ನಾವು ಹೊಣೆ ಹೊರುತ್ತೇವೆ, ಅವರು 'ಟೇಕ್' ಮಾಡುತ್ತಾರೆ. ಆಮೇಲೆ 'ಫಾರ್' ಬರುತ್ತದೆ. ನಾವು ಕ್ಷಮೆ ಕೇಳುತ್ತೇವೆ, ಅವರು 'ಮೇಕ್ ಎನ್ ಅಪಾಲಜಿ'. ನಾವು ಗಮನ ಕೊಡುತ್ತೇವೆ, ಅವರು 'ಪೇ' ಮಾಡುತ್ತಾರೆ. 'ಅಟೆನ್ಶನ್' ಆದ ಮೇಲೆ 'ಟು'. ಒಂದೇ ವಾಕ್ಯದಲ್ಲಿ ಮೂರು ಪದಜೋಡಿ, ಮೂರರಲ್ಲೂ ಕನ್ನಡದ ದಾರಿ ಬೇರೆ.

ಗೆರೆ ಎಳೆದರೆ ಸಾಲದು. ನಾನು ಮಾಡುವ ಒಂದು ಪರೀಕ್ಷೆ ಇದೆ. ಒಂದು ಪ್ಯಾರಾ ಓದಿ. ಅದರ ಅರ್ಥವನ್ನು ಕನ್ನಡದಲ್ಲಿ ಎರಡು ಮೂರು ಸಾಲು ಬರೆಯಿರಿ. ಪುಸ್ತಕ ಮುಚ್ಚಿಡಿ. ಮರುದಿನ ಆ ಕನ್ನಡವನ್ನು ನೋಡಿಕೊಂಡು ಇಂಗ್ಲಿಷಿಗೆ ತನ್ನಿ. ಆಮೇಲೆ ಮೂಲದ ಜೊತೆ ಹೋಲಿಸಿ. ನೀವು 'ಆಸ್ಕ್ಡ್ ಅಪಾಲಜಿ' ಎಂದು ಬರೆದಿರುತ್ತೀರಿ, ಅಲ್ಲಿ 'ಮೇಡ್ ಎನ್ ಅಪಾಲಜಿ' ಇರುತ್ತದೆ. ಹೀಗೆ ಒಮ್ಮೆ ಎಡವಿ ತಿದ್ದಿಕೊಂಡ ಜೋಡಿ ನನಗೆ ಮತ್ತೆ ಮರೆತದ್ದು ಕಡಿಮೆ. ಸುಮ್ನೆ ಹತ್ತು ಸಲ ಓದಿದ್ದು ಅಷ್ಟು ನಿಲ್ಲುವುದಿಲ್ಲ.

ದಿನಕ್ಕೆ ಒಂದು ಪ್ಯಾರಾ ಸಾಕು. ಸುದ್ದಿ, ಸಂದರ್ಶನ, ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಬರಹ ಯಾವುದಾದರೂ ಆದೀತು. ಹಳೆಯ ಕಾವ್ಯ, ನೂರಾರು ವರ್ಷದ ಹಿಂದಿನ ಕಾದಂಬರಿ ಈ ಕೆಲಸಕ್ಕೆ ಬೇಡ. ಅವುಗಳ ಪದಜೋಡಿ ಇವತ್ತಿನ ಮಾತಿನಲ್ಲಿ ವಿಚಿತ್ರವಾಗಿ ಕೇಳಬಹುದು.

ಹೆಜ್ಜೆ 5: ಅನುಮಾನ ಬಂದಾಗ ಪರೀಕ್ಷಿಸಿ

ಸಾಮಾನ್ಯ ನಿಘಂಟು ಪದದ ಅರ್ಥ ಹೇಳುತ್ತದೆ. ಜೊತೆಗಾರರನ್ನು ಹೇಳಲೆಂದೇ ಬೇರೆ ನಿಘಂಟುಗಳಿವೆ. ಆಕ್ಸ್‌ಫರ್ಡ್ ಕೊಲೊಕೇಶನ್ಸ್ ನಿಘಂಟು 2002ರಲ್ಲಿ ಬಂತು, 2009ರಲ್ಲಿ ಎರಡನೇ ಆವೃತ್ತಿ ಆಯಿತು. ಅದರಲ್ಲಿ 'ರೇನ್' ಎಂದು ತೆಗೆದರೆ ಮಳೆಗೆ ಯಾವ ಗುಣವಾಚಕ, ಯಾವ ಕ್ರಿಯಾಪದ ಹೊಂದುತ್ತದೆ ಎಂದು ಗುಂಪು ಗುಂಪಾಗಿ ಕೊಟ್ಟಿರುತ್ತಾರೆ. ಇಂಥದ್ದು ಒಂದು ಕೈಗೆಟುಕುವ ಹಾಗೆ ಇರಲಿ.

ಉಚಿತವಾಗಿ ಬೇಕೆಂದರೆ ಸ್ಕೆಲ್ (SkELL) ಎಂಬ ಜಾಲತಾಣವಿದೆ, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ್ದು. ಪದ ಹಾಕಿದರೆ ನಿಜವಾದ ಉದಾಹರಣೆ ವಾಕ್ಯಗಳು ಬರುತ್ತವೆ. 'ವರ್ಡ್ ಸ್ಕೆಚ್' ಒತ್ತಿದರೆ ಆ ಪದದ ಜೊತೆಗಾರರ ಪಟ್ಟಿಯೇ ಬರುತ್ತದೆ. ಇನ್ನೂ ಆಳಕ್ಕೆ ಹೋಗಬೇಕೆಂದರೆ ದೊಡ್ಡ ಪಠ್ಯಸಂಗ್ರಹಗಳಿವೆ. ಇವನ್ನು ಕಾರ್ಪಸ್ ಎನ್ನುತ್ತಾರೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ. ಅಮೆರಿಕನ್ ಇಂಗ್ಲಿಷಿನ ಕೋಕಾದಲ್ಲಿ 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದಗಳಿವೆ. ಶುರುವಿನಲ್ಲಿ ಇವು ಸ್ವಲ್ಪ ಗಾಬರಿ ಹುಟ್ಟಿಸಬಹುದು. ಸ್ಕೆಲ್ ಅಭ್ಯಾಸವಾದ ಮೇಲೆ ಇವಕ್ಕೆ ಬನ್ನಿ.

ಎರಡು ಜೋಡಿಗಳಲ್ಲಿ ಯಾವುದು ಸರಿ ಎಂಬ ಅನುಮಾನಕ್ಕೆ ಗೂಗಲ್ ಎನ್‌ಗ್ರಾಂ ವ್ಯೂವರ್ ಬಹಳ ಸುಲಭ. 'ಹೆವಿ ರೇನ್', 'ಸ್ಟ್ರಾಂಗ್ ರೇನ್' ಎಂದು ಅಲ್ಪವಿರಾಮ ಹಾಕಿ ಬರೆದರೆ, ಪುಸ್ತಕಗಳಲ್ಲಿ ಯಾವುದು ಎಷ್ಟು ಬಳಕೆಯಾಗಿದೆ ಎಂದು ಗೆರೆಯಲ್ಲಿ ತೋರಿಸುತ್ತದೆ. ಒಂದು ಗೆರೆ ಎತ್ತರದಲ್ಲಿ ಇರುತ್ತದೆ, ಇನ್ನೊಂದು ನೆಲ ಬಿಟ್ಟು ಏಳುವುದೇ ಇಲ್ಲ.

ಆದರೆ ಎರಡು ಗೆರೆಯೂ ಮೇಲಿದ್ದರೆ? ಆಗ ಎರಡೂ ಸರಿ. 'ಮೇಕ್ ಎ ಡಿಸಿಷನ್' ಹೆಚ್ಚು ಬಳಕೆಯಲ್ಲಿದೆ, 'ಟೇಕ್ ಎ ಡಿಸಿಷನ್' ಬ್ರಿಟಿಷ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಮೆರಿಕದವರು 'ಟೇಕ್ ಎ ಶವರ್' ಎಂದರೆ ಬ್ರಿಟನ್ನಿನವರು ಸಾಮಾನ್ಯವಾಗಿ 'ಹ್ಯಾವ್ ಎ ಶವರ್' ಎನ್ನುತ್ತಾರೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಇಂಥ ಕಡೆ ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 6: ಬರೆದಿಡುವುದು ಮತ್ತು ನೆನಪಿಡುವುದು

ಜೋಡಿಯನ್ನು ಇಡಿಯಾಗಿ ಬರೆಯಿರಿ. 'ಅಟೆನ್ಶನ್: ಗಮನ' ಎಂದು ಬರೆದರೆ ಹಳೆಯ ಕಥೆಯೇ. 'ಪೇ ಅಟೆನ್ಶನ್ ಟು' ಎಂದು ಹಿಂದೆ ಮುಂದೆ ಬರುವ ಸಣ್ಣ ಪದಗಳ ಸಮೇತ ಬರೆಯಿರಿ. ಆ ಸಣ್ಣ ಪದ ಬಿಟ್ಟರೆ ಮಾತಾಡುವಾಗ ಸರಿಯಾಗಿ ಅಲ್ಲೇ ನಿಲ್ಲುತ್ತೀರಿ.

ಕಾರ್ಡು ಮಾಡುವುದಾದರೆ ಮುಂದಿನ ಬದಿಯಲ್ಲಿ ಕನ್ನಡ ವಾಕ್ಯ, ಹಿಂದಿನ ಬದಿಯಲ್ಲಿ ಇಂಗ್ಲಿಷ್ ವಾಕ್ಯ ಇರಲಿ. 'ನಿನ್ನೆ ರಾತ್ರಿ ಕೆಟ್ಟ ಕನಸು ಕಂಡೆ' ಎಂದು ಮುಂದೆ, 'ಐ ಹ್ಯಾಡ್ ಎ ಬ್ಯಾಡ್ ಡ್ರೀಂ ಲಾಸ್ಟ್ ನೈಟ್' ಎಂದು ಹಿಂದೆ. ದಿಕ್ಕು ಮುಖ್ಯ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ, ಅದರಿಂದ ಬಾಯಿ ತಿರುಗುವುದಿಲ್ಲ. ಕನ್ನಡ ನೋಡಿ ಇಂಗ್ಲಿಷ್ ಹೇಳಿ. ವಾಕ್ಯ ನಿಮ್ಮ ಬದುಕಿನದೇ ಆಗಿರಲಿ, ನೀವು ನಿಜವಾಗಿ ಹೇಳುವಂಥದ್ದು.

ದಿನಕ್ಕೆ ಐದು ಜೋಡಿಗಿಂತ ಜಾಸ್ತಿ ಬೇಡ. ಕಲಿತದ್ದನ್ನು ಮರುದಿನ ನೋಡಿ, ಮೂರು ದಿನ ಬಿಟ್ಟು ನೋಡಿ, ಒಂದು ವಾರ ಬಿಟ್ಟು ನೋಡಿ, ಆಮೇಲೆ ತಿಂಗಳಿಗೊಮ್ಮೆ. ಕಲಿತದ್ದು ಶುರುವಿನ ದಿನಗಳಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ಮರೆವು ಪೂರ್ತಿ ನುಂಗುವ ಮೊದಲು ಒಮ್ಮೆ ನೆನಪಿಸಿಕೊಂಡರೆ ಮುಂದಿನ ಸಲ ಅದು ಹೆಚ್ಚು ದಿನ ಉಳಿಯುತ್ತದೆ. ಅಂಕಿ ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಕಾಗದದ ಕಾರ್ಡುಗಳೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

ಈಗ ಒಂದು ಎಚ್ಚರಿಕೆ. 'ಮೇಕ್' ಜೊತೆ ಬರುವ ಇಪ್ಪತ್ತು, 'ಡೂ' ಜೊತೆ ಬರುವ ಇಪ್ಪತ್ತು ಎಂಬ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಅವನ್ನು ಒಂದೇ ಸಲಕ್ಕೆ ಕಲಿಯಬೇಡಿ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕಲಿತರೆ ಒಂದರೊಳಗೊಂದು ಕಲಸಿಹೋಗುತ್ತವೆ ಎಂದು ಪದಕಲಿಕೆಯ ಬಗ್ಗೆ ದೀರ್ಘಕಾಲ ಸಂಶೋಧನೆ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಎಚ್ಚರಿಸಿದ್ದಾರೆ. 'ಮೇಕ್'ನ ಒಂದು ಜೋಡಿ ಇವತ್ತು ಕಲಿತರೆ 'ಡೂ'ನ ಜೋಡಿ ಮುಂದಿನ ವಾರ ಕಲಿಯಿರಿ. ಎರಡನೇ ಹೆಜ್ಜೆಯ ಹಾಳೆಯನ್ನು ಬಾಯಿಪಾಠ ಮಾಡಬೇಡಿ ಎಂದು ಹೇಳಿದ್ದು ಇದಕ್ಕೇ. ಅದರಿಂದ ದಿನಕ್ಕೆ ಒಂದೋ ಎರಡೋ ಎತ್ತಿಕೊಳ್ಳಿ.

ಹೆಜ್ಜೆ 7: 'ವೆರಿ' ಬಿಟ್ಟು ನೋಡಿ

ಇದು ಸ್ವಲ್ಪ ಮುಂದೆ ಹೋದವರಿಗೆ. ಕನ್ನಡದಲ್ಲಿ 'ಹೊಚ್ಚಹೊಸ' ಎನ್ನುತ್ತೇವೆ. 'ಹೊಚ್ಚ ಹಳೆಯ' ಎನ್ನಲು ಆಗುವುದಿಲ್ಲ, ಆ 'ಹೊಚ್ಚ' ಹೊಸದರ ಜೊತೆಗೇ ಹುಟ್ಟಿದ್ದು. ಕಗ್ಗತ್ತಲು, ಬಟ್ಟಬಯಲು, ನಟ್ಟನಡು, ತುತ್ತತುದಿ ಎಲ್ಲ ಹೀಗೇ. ಇಂಗ್ಲಿಷಿನಲ್ಲೂ ಇಂಥವು ಬೇಕಾದಷ್ಟಿವೆ. ಹೊಚ್ಚಹೊಸದು 'ಬ್ರ್ಯಾಂಡ್ ನ್ಯೂ', ಕಗ್ಗತ್ತಲು 'ಪಿಚ್ ಡಾರ್ಕ್', ಗಾಢ ನಿದ್ದೆಯಲ್ಲಿರುವುದು 'ಫಾಸ್ಟ್ ಅಸ್ಲೀಪ್', ಪೂರ್ತಿ ಎಚ್ಚರವಿರುವುದು 'ವೈಡ್ ಅವೇಕ್'. ಇವುಗಳಿಗೆಲ್ಲ 'ವೆರಿ' ಹಾಕುತ್ತಿದ್ದರೆ ಮಾತು ಸಪ್ಪೆಯಾಗುತ್ತದೆ. ತುಂಬ ನಿರಾಸೆಯಾದರೆ 'ಬಿಟರ್ಲಿ ಡಿಸಪಾಯಿಂಟೆಡ್', ಆಗುವುದು ಬಹಳ ಅನುಮಾನ ಎಂದರೆ 'ಹೈಲಿ ಅನ್‌ಲೈಕ್ಲಿ'. ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ನೀಡುವ ಮಾನದಂಡದಲ್ಲೂ ಕೊಲೊಕೇಶನ್ ಎಂಬ ಮಾತು ನೇರವಾಗಿ ಬರುತ್ತದೆ. ಹಾಗಾಗಿ ಪರೀಕ್ಷೆಗೆ ಕೂರುವವರು ಈ ಹೆಜ್ಜೆಯನ್ನು ಬಿಡಬೇಡಿ.

ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಟೀಕೆಗೆ ಗುರಿಯಾಗುತ್ತೇವೆ, ಮೆಚ್ಚುಗೆಗೆ ಪಾತ್ರರಾಗುತ್ತೇವೆ. ಅದಲುಬದಲು ಮಾಡಿ 'ಮೆಚ್ಚುಗೆಗೆ ಗುರಿಯಾದರು' ಎಂದರೆ ಮೆಚ್ಚುಗೆಯೇ ಏಟಿನ ಹಾಗೆ ಕೇಳುತ್ತದೆ. ಕೆಲವು ಪದಗಳು ಒಳ್ಳೆಯದರ ಜೊತೆ, ಕೆಲವು ಕೆಟ್ಟದ್ದರ ಜೊತೆ ಓಡಾಡುತ್ತವೆ. ಇಂಗ್ಲಿಷಿನ 'ಕಾಸ್' ಹೆಚ್ಚಾಗಿ ಕೆಟ್ಟದ್ದರ ಜೊತೆಗಿರುತ್ತದೆ: 'ಕಾಸ್ ಡ್ಯಾಮೇಜ್', 'ಕಾಸ್ ಪೇನ್', 'ಕಾಸ್ ಡಿಲೇ'. ಸಂತೋಷ ತಂದಿತು ಎನ್ನಲು 'ಕಾಸ್ಡ್ ಹ್ಯಾಪಿನೆಸ್' ಎಂದರೆ ಸಂತೋಷ ಒಂದು ರೋಗ ಎಂಬಂತೆ ಕೇಳುತ್ತದೆ. 'ಬ್ರಾಟ್ ಹ್ಯಾಪಿನೆಸ್' ಎನ್ನಿ. ಈ ಕಿವಿ ಬರಲು ಸಮಯ ಬೇಕು, ಓದುತ್ತಾ ಬರುತ್ತದೆ.

ಹೆಜ್ಜೆ 8: ಬಾಯಿಗೆ ತನ್ನಿ

ವಾರಕ್ಕೊಮ್ಮೆ ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ. ಎರಡು ನಿಮಿಷ ಸಾಕು. ಆ ವಾರ ನಡೆದ ಯಾವುದೋ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಿ. ಮೊದಲೇ ಬರೆದುಕೊಳ್ಳಬೇಡಿ. ವಾರದಲ್ಲಿ ಕಲಿತ ಜೋಡಿಗಳಲ್ಲಿ ಐದನ್ನಾದರೂ ಅದರಲ್ಲಿ ತರಲು ಪ್ರಯತ್ನಿಸಿ. ತುರುಕಬೇಡಿ, ಹೊಂದುವ ಕಡೆ ಮಾತ್ರ.

ಆಮೇಲೆ ಕೇಳಿಸಿಕೊಳ್ಳಿ. ಉಚ್ಚಾರಣೆ, ವ್ಯಾಕರಣ ಇವತ್ತು ಬಿಡಿ. ನೀವು ನಿಂತ ಜಾಗಗಳನ್ನು ಮಾತ್ರ ಗಮನಿಸಿ. ಎಲ್ಲಿ 'ಅ...' ಎಂದು ಎಳೆದಿರಿ, ಎಲ್ಲಿ ವಾಕ್ಯ ಅರ್ಧಕ್ಕೆ ಬಿಟ್ಟು ಬೇರೆ ಶುರು ಮಾಡಿದಿರಿ ಎಂದು ಗುರುತು ಹಾಕಿ. ಆ ನಿಲುಗಡೆಗಳಲ್ಲಿ ಹೆಚ್ಚಿನವು ಒಂದು ನಾಮಪದದ ಪಕ್ಕದಲ್ಲೇ ಇರುತ್ತವೆ. ನಾಮಪದ ಗೊತ್ತಿತ್ತು, ಅದರ ಜೊತೆಗಾರ ಸಿಗಲಿಲ್ಲ. ಆ ನಾಮಪದವನ್ನು ಬರೆದುಕೊಂಡು ಮೂರನೇ ಹೆಜ್ಜೆಯ ಹಾಳೆಗೆ ತನ್ನಿ, ನಡುವೆ ಇಡಿ, ಜೊತೆಗಾರರನ್ನು ಸ್ಕೆಲ್‌ನಲ್ಲಿ ಹುಡುಕಿ. ಮುಂದಿನ ವಾರ ಅದೇ ಸಂಗತಿಯನ್ನು ಮತ್ತೆ ಹೇಳಿ ರೆಕಾರ್ಡ್ ಮಾಡಿ. ಹಳೆಯ ರೆಕಾರ್ಡನ್ನು ಅಳಿಸಬೇಡಿ. ಮೂರು ತಿಂಗಳ ನಂತರ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಲು ಅದು ಬೇಕಾಗುತ್ತದೆ.